ಒಂದೇ ದಾರಿಯಲ್ಲಿ ಮೂರು ಪಂದ್ಯ



ಭಟ್ಕಳದಲ್ಲಿ ಬಸ್ಸು ಹತ್ತಿ ಮುರ್ಡೇಶ್ವರ, ಮಂಕಿ ದಾಟಿ, ಶರಾವತಿ ಸೇತುವೆ ಹಾದು ಹೊನ್ನಾವರ ಮುಟ್ಟಿ, ಅಲ್ಲಿಂದ ಕುಮಟೆಗೆ ಬಂದಿಳಿಯುವ ಹೊತ್ತಿಗೆ ಸುಮಾರು 60 ಕಿಲೋಮೀಟರ್ ಆಗಿರುತ್ತದೆ. ಬಸ್ಸಿನವನ ಪುಣ್ಯವಿದ್ದರೆ ಒಂದೂವರೆ ಗಂಟೆ. ಫ್ರಾನ್ಸ್ ದೇಶದ ಲೆ ಮಾನ್ ಎಂಬ ಊರಿನಲ್ಲಿ 2010ರ ಜೂನ್‌ನಲ್ಲಿ ಒಂದು ಆಡಿ ಕಾರು ಇಪ್ಪತ್ತನಾಲ್ಕು ಗಂಟೆಗಳಲ್ಲಿ 5,410 ಕಿಲೋಮೀಟರ್ ಓಡಿತು. ನಮ್ಮ ಲೆಕ್ಕಕ್ಕೆ ತಂದರೆ, ಭಟ್ಕಳ-ಕುಮಟಾ ದಾರಿಯನ್ನು ಒಂದು ಹಗಲು ಒಂದು ರಾತ್ರಿಯಲ್ಲಿ ತೊಂಬತ್ತು ಸಲ ಓಡಿದ ಹಾಗೆ. ಇಂಧನ ತುಂಬಿಸಲು ನಿಂತದ್ದು, ಟೈರು ಬದಲಿಸಿದ್ದು, ಚಾಲಕ ಇಳಿದು ಇನ್ನೊಬ್ಬ ಹತ್ತಿದ್ದು ಎಲ್ಲವೂ ಆ ಇಪ್ಪತ್ತನಾಲ್ಕು ಗಂಟೆಗಳ ಒಳಗೇ ಸೇರಿದೆ. (ಊರಿನ ಹೆಸರನ್ನು ನಮ್ಮ ಪತ್ರಿಕೆಗಳು 'ಲೆ ಮಾನ್ಸ್' ಎಂದು ಬರೆಯುವುದುಂಟು. ಫ್ರೆಂಚರು ಕೊನೆಯ ಅಕ್ಷರವನ್ನು ನುಂಗುತ್ತಾರೆ.)

ಕಾರ್ ರೇಸ್ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಫಾರ್ಮುಲಾ ಒನ್. ಇಪ್ಪತ್ತು ಚಿಲ್ಲರೆ ಕಾರುಗಳು, ಹೆಚ್ಚು ಕಡಿಮೆ ಒಂದೇ ವೇಗ, ಒಂದು ಕಾರಿಗೆ ಒಬ್ಬನೇ ಚಾಲಕ, ಎರಡು ಗಂಟೆಯೊಳಗೆ ಆಟ ಮುಗಿಯುತ್ತದೆ. ಇಂದಿನ ವಿಷಯ ಅದಲ್ಲ. ಇದು ದೀರ್ಘಾವಧಿ ಓಟ. ನಾಲ್ಕು ಗಂಟೆ, ಆರು ಗಂಟೆ, ಇಪ್ಪತ್ತನಾಲ್ಕು ಗಂಟೆ. ಒಂದು ಕಾರಿಗೆ ಇಬ್ಬರು ಅಥವಾ ಮೂವರು ಚಾಲಕರು. ಎಲ್ಲಕ್ಕಿಂತ ವಿಚಿತ್ರವೆಂದರೆ, ಬೇರೆ ಬೇರೆ ದರ್ಜೆಯ, ಬೇರೆ ಬೇರೆ ವೇಗದ ಕಾರುಗಳು ಒಂದೇ ದಾರಿಯಲ್ಲಿ, ಒಂದೇ ಹೊತ್ತಿನಲ್ಲಿ ಓಡುತ್ತವೆ. ನಮ್ಮ ಹೆದ್ದಾರಿಯಲ್ಲಿ ಮೀನಿನ ಲಾರಿ, ಗ್ಯಾಸ್ ಟ್ಯಾಂಕರು, ಮುಂಬಯಿ ಸ್ಲೀಪರು, ಸ್ಕೂಟರು ಎಲ್ಲ ಒಟ್ಟಿಗೆ ಹೋಗುವುದಿಲ್ಲವೆ, ಹಾಗೆ. ವ್ಯತ್ಯಾಸವಿಷ್ಟೆ: ಅಲ್ಲಿ ಲಾರಿಗೆ ಲಾರಿಯೊಡನೆ ಮಾತ್ರ ಸ್ಪರ್ಧೆ, ಸ್ಕೂಟರಿಗೆ ಸ್ಕೂಟರಿನೊಡನೆ ಮಾತ್ರ.

ಕರಾವಳಿಯವರಿಗೆ ಇದನ್ನು ಅರ್ಥ ಮಾಡಿಸಲು ಬಹಳ ಕಷ್ಟಪಡಬೇಕಿಲ್ಲ. ಭಟ್ಕಳದಿಂದ ದಕ್ಷಿಣಕ್ಕೆ ಇಳಿದರೆ ಕಂಬಳದ ಸೀಮೆ. ಅಲ್ಲಿ ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ ಎಂದು ವಿಭಾಗಗಳಿವೆ. ಹಗ್ಗ, ನೇಗಿಲುಗಳಲ್ಲಿ ಹಿರಿಯ, ಕಿರಿಯ ಎಂಬ ಭೇದ ಬೇರೆ. ಕನೆ ಹಲಗೆಯಲ್ಲಿ ನೋಡುವುದು ವೇಗವನ್ನಲ್ಲ, ನೀರು ಎಷ್ಟು ಎತ್ತರಕ್ಕೆ ಚಿಮ್ಮಿ ನಿಶಾನೆಯ ಬಟ್ಟೆಗೆ ತಾಗಿತು ಎಂಬುದನ್ನು. ನೇಗಿಲು ಕಿರಿಯದಲ್ಲಿ ಗೆದ್ದ ಕೋಣದ ಯಜಮಾನನಿಗೆ ಹಗ್ಗ ಹಿರಿಯದ ಕೋಣ ತನ್ನದಕ್ಕಿಂತ ವೇಗ ಎಂಬ ಚಿಂತೆ ಇರುವುದಿಲ್ಲ. ಅವನ ಪದಕ ಅವನದು. ದೀರ್ಘಾವಧಿ ಕಾರ್ ಓಟದಲ್ಲಿಯೂ ಹೀಗೆಯೇ. ಒಟ್ಟು ಮೊದಲನೆಯವನೊಬ್ಬ ಇರುತ್ತಾನೆ ನಿಜ. ಆದರೆ ಪ್ರತಿ ದರ್ಜೆಗೂ ಬೇರೆ ವಿಜೇತ, ಬೇರೆ ಅಂಕ, ಋತುವಿನ ಕೊನೆಗೆ ಬೇರೆ ಚಾಂಪಿಯನ್. ಕಂಬಳದಲ್ಲಿ ಹಲಗೆಯ ಕೋಣ ಮತ್ತು ಹಗ್ಗದ ಕೋಣಗಳನ್ನು ಒಂದೇ ಸಲ ಕರೆಗೆ ಬಿಡುವುದಿಲ್ಲ. ಇಲ್ಲಿ ಬಿಡುತ್ತಾರೆ. ಮಜವೂ ಅಪಾಯವೂ ಅದರಲ್ಲೇ ಇರುವುದು.

ಏಷ್ಯನ್ ಲೆ ಮಾನ್ ಸರಣಿ ಎಂಬುದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರಲ್ಲಿ ಮೂರು ದರ್ಜೆ. ಮೊದಲನೆಯದು ಎಲ್‌ಎಂಪಿ-2. ಇದು ರೇಸಿಗೆಂದೇ ಹುಟ್ಟಿದ ಕಾರು, ರಸ್ತೆಗೆ ಬರುವ ವಸ್ತುವಲ್ಲ. ನೆಲಕ್ಕೆ ಅಂಟಿದಂತಿರುವ ಮೈ, ಹಿಂದೆ ದೊಡ್ಡ ರೆಕ್ಕೆ. ಯಾರು ಕೊಂಡರೂ ಎಂಜಿನ್ ಒಂದೇ: ಗಿಬ್ಸನ್ ಕಂಪನಿಯ 4.2 ಲೀಟರಿನ ವಿ-8. ದುಡ್ಡಿದ್ದವನು ಎಂಜಿನ್ ಬಲದಿಂದ ಗೆಲ್ಲಬಾರದೆಂಬ ಏರ್ಪಾಡು ಅದು. ಎರಡನೆಯದು ಎಲ್‌ಎಂಪಿ-3. ಮೊದಲನೆಯದರ ತಮ್ಮನೆಂದು ಕರೆಯಬಹುದು. ಖರ್ಚು ಕಡಿಮೆ, ವೇಗವೂ ಕಡಿಮೆ, 2021ರಲ್ಲಿ ಎಂಜಿನ್ ಎಲ್ಲರಿಗೂ ನಿಸಾನ್‌ನದಾಗಿತ್ತು. ಮೂರನೆಯದು ಜಿಟಿ. ಇವು ಪೋರ್ಷೆ, ಫೆರಾರಿ, ಆಸ್ಟನ್ ಮಾರ್ಟಿನ್ ಮುಂತಾದ ಕಂಪನಿಗಳು ಅಂಗಡಿಯಲ್ಲಿ ಮಾರುವ ಕಾರುಗಳ ರೇಸ್ ರೂಪ. ದುಬೈ ರಸ್ತೆಯಲ್ಲಿ ಅವುಗಳ ಅಣ್ಣತಮ್ಮಂದಿರನ್ನು ನೋಡಿ ಬಂದವರು ಭಟ್ಕಳದಲ್ಲಿ ಎಷ್ಟೋ ಮಂದಿ ಇದ್ದಾರೆ. ಜಿಟಿಯಲ್ಲಿ ಬೇರೆ ಬೇರೆ ಕಂಪನಿಯ ಕಾರುಗಳು ಸೇರುವುದರಿಂದ, ಓಡಿಸಿ ನೋಡಿ ಒಂದಕ್ಕೆ ತೂಕ ಹೆಚ್ಚಿಸುತ್ತಾರೆ, ಇನ್ನೊಂದರ ಎಂಜಿನ್ ಉಸಿರು ಕಟ್ಟುತ್ತಾರೆ, ಹೀಗೆ ಎಲ್ಲವನ್ನೂ ಸಮಕ್ಕೆ ತರುತ್ತಾರೆ. ಈ ಸಮತೋಲನದ ಬಗ್ಗೆ ತಂಡಗಳು ಗೊಣಗದ ಋತುವೇ ಇಲ್ಲ.

ಈಗ ಸ್ವಲ್ಪ ಲೆಕ್ಕ ಹಾಕೋಣ. ಐದು ಕಿಲೋಮೀಟರಿಗೆ ಸ್ವಲ್ಪ ಮೇಲ್ಪಟ್ಟ ಒಂದು ಸುತ್ತನ್ನು ಎಲ್‌ಎಂಪಿ-2 ಕಾರು 110 ಸೆಕೆಂಡಿನಲ್ಲೂ ಜಿಟಿ ಕಾರು 120 ಸೆಕೆಂಡಿನಲ್ಲೂ ಮುಗಿಸುತ್ತವೆ ಎಂದಿಟ್ಟುಕೊಳ್ಳಿ. ವ್ಯತ್ಯಾಸ ಹತ್ತೇ ಸೆಕೆಂಡು. ಆದರೆ 22 ನಿಮಿಷಕ್ಕೊಮ್ಮೆ ವೇಗದ ಕಾರು ನಿಧಾನದ ಕಾರನ್ನು ಒಂದು ಪೂರ್ತಿ ಸುತ್ತು ಹಿಂದೆ ಹಾಕಿ ಮತ್ತೆ ಅದರ ಬೆನ್ನಿಗೆ ಬಂದಿರುತ್ತದೆ. ನಾಲ್ಕು ಗಂಟೆಯ ಓಟದಲ್ಲಿ ಸುಮಾರು ಹನ್ನೊಂದು ಸಲ. ಜಿಟಿ ಕಾರುಗಳು ಹದಿನೈದು ಇದ್ದರೆ ನೂರೈವತ್ತಕ್ಕೂ ಹೆಚ್ಚು ಸಲ ಅವುಗಳನ್ನು ದಾಟಬೇಕು. ನಡುವಿನ ಎಲ್‌ಎಂಪಿ-3ಗಳದ್ದು ಇದರ ಮೇಲೆ. ಪ್ರತಿ ಸಲವೂ ಚಾಲಕ ಕ್ಷಣಾರ್ಧದಲ್ಲಿ ನಿರ್ಧರಿಸಬೇಕು: ಈ ತಿರುವಿಗೆ ಮೊದಲೇ ದಾಟಲೇ, ತಿರುವು ಮುಗಿಯುವ ತನಕ ಕಾಯಲೇ? ಕಾದರೆ ಒಂದು ಸೆಕೆಂಡು ಹೋಯಿತು. ನುಗ್ಗಿದರೆ ಕಾರೇ ಹೋದೀತು. ನೂರೈವತ್ತು ಸಲ ಒಂದೊಂದು ಸೆಕೆಂಡು ಕಾದವನು ಎರಡೂವರೆ ನಿಮಿಷ ಹಿಂದೆ ಬಿದ್ದ. ಶುದ್ಧ ವೇಗದಲ್ಲಿ ಎಷ್ಟೇ ಮುಂದಿದ್ದರೂ ಅವನು ಸೋತ ಹಾಗೆಯೇ.

ದಾಟುವ ನಿಯಮ ಹೊರಗಿನವರಿಗೆ ತಲೆಕೆಳಗಾಗಿ ಕಾಣುತ್ತದೆ. ನಿಧಾನದವನು ಪಕ್ಕಕ್ಕೆ ಸರಿದು ದಾರಿ ಬಿಡಬೇಕು ಎಂದು ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಹಾಗಲ್ಲ. ನಿಧಾನದವನು ತನ್ನ ಸಾಲನ್ನು ಬಿಡದೆ, ಮುಂದೇನು ಮಾಡುತ್ತಾನೆ ಎಂಬುದು ಹಿಂದಿನವನಿಗೆ ತಿಳಿಯುವಂತೆ ಓಡಿಸಬೇಕು. ಸುರಕ್ಷಿತವಾಗಿ ದಾಟುವ ಹೊಣೆ ವೇಗದವನದು. ನೀಲಿ ಬಾವುಟ ಬೀಸಿದರೆ 'ಹಿಂದೆ ವೇಗದ ಕಾರಿದೆ, ಗೊತ್ತಿರಲಿ' ಎಂದಷ್ಟೇ ಅರ್ಥ. ಸೌಜನ್ಯಕ್ಕೆಂದು ಥಟ್ಟನೆ ಪಕ್ಕಕ್ಕೆ ಸರಿಯುವವನೇ ಹೆಚ್ಚು ಅಪಾಯಕಾರಿ. ಯಾವ ಪಕ್ಕಕ್ಕೆ ಸರಿಯುತ್ತಾನೆಂದು ಹಿಂದಿನವನಿಗೆ ಗೊತ್ತಿರುವುದಿಲ್ಲವಲ್ಲ.

ಈ ಪಾಠಕ್ಕೆ ಕೊಟ್ಟ ಬೆಲೆ ದೊಡ್ಡದು. ಲೆ ಮಾನ್‌ನ ಇಪ್ಪತ್ತನಾಲ್ಕು ಗಂಟೆಗಳ ಓಟ ಶುರುವಾದದ್ದು 1923ರ ಮೇ ತಿಂಗಳಲ್ಲಿ. ಕಾರುಗಳು ರಾತ್ರಿ ಹಗಲು ತಾಳಿಕೊಂಡಾವೆ, ದೀಪ ಉರಿದೀತೆ, ಎಂಜಿನ್ ಉಳಿದೀತೆ ಎಂದು ಪರೀಕ್ಷಿಸುವುದು ಮೂಲ ಉದ್ದೇಶ. ಆಗ ಒಬ್ಬ ಚಾಲಕ ಎಷ್ಟು ಹೊತ್ತು ಓಡಿಸಬಹುದು ಎಂಬುದಕ್ಕೆ ಇಂದಿನ ಬಿಗಿ ಇರಲಿಲ್ಲ. 1952ರಲ್ಲಿ ಪಿಯೆರ್ ಲೆವೆ ಎಂಬ ಫ್ರೆಂಚ್ ಚಾಲಕ ತನ್ನ ಟಾಲ್ಬೋ ಕಾರನ್ನು ಯಾರ ಕೈಗೂ ಕೊಡದೆ ತಾನೊಬ್ಬನೇ ಓಡಿಸಿದ. ರಾತ್ರಿ ಕಳೆಯಿತು, ಬೆಳಗಾಯಿತು, ಮಧ್ಯಾಹ್ನವಾಯಿತು. ಎರಡನೆಯವನಿಗಿಂತ ಎಷ್ಟೋ ಸುತ್ತು ಮುಂದಿದ್ದ. ಇನ್ನು ಒಂದು ಗಂಟೆಗೆ ಸ್ವಲ್ಪ ಹೆಚ್ಚು ಉಳಿದಿರುವಾಗ ಎಂಜಿನ್ ಮುರಿಯಿತು. ದಣಿದ ಕೈ ಗೇರು ತಪ್ಪಿ ಹಾಕಿತು ಎಂಬ ಮಾತು ಆಗಲೇ ಹುಟ್ಟಿ ಇಂದಿಗೂ ಉಳಿದಿದೆ. ಗೆದ್ದದ್ದು ಮರ್ಸಿಡಿಸ್.

ಮೂರು ವರ್ಷದ ಬಳಿಕ ಅದೇ ಮರ್ಸಿಡಿಸ್ ಕಂಪನಿ ಅದೇ ಲೆವೆಯನ್ನು ತನ್ನ ಕಾರು ಓಡಿಸಲು ಕರೆಯಿತು. 1955ರ ಜೂನ್ 11, ಶನಿವಾರ, ಸಂಜೆ ಆರೂವರೆಯ ಸುಮಾರು. ಮುಂದಿದ್ದ ಜಾಗ್ವಾರ್ ಕಾರಿನ ಹಾಥಾರ್ನ್ ಪಿಟ್ ಸೇರಲು ಬ್ರೇಕು ಹಾಕಿದ. ಅವನ ಹಿಂದೆ ಇದ್ದದ್ದು ಮ್ಯಾಕ್ಲಿನ್ ಎಂಬಾತನ ಆಸ್ಟಿನ್ ಹೀಲಿ, ಅಷ್ಟು ವೇಗವಿಲ್ಲದ ಕಾರು. ಜಾಗ್ವಾರಿಗೆ ತಾಗದಿರಲೆಂದು ಅದು ಪಕ್ಕಕ್ಕೆ ಸರಿಯಿತು. ಸರಿದ ಜಾಗಕ್ಕೆ ಹಿಂದಿನಿಂದ ಬಹಳ ಹೆಚ್ಚಿನ ವೇಗದಲ್ಲಿ ಬರುತ್ತಿದ್ದವನು ಲೆವೆ. ಮರ್ಸಿಡಿಸ್ ಹೀಲಿಯ ಇಳಿಜಾರು ಬೆನ್ನನ್ನೇರಿ ಹಾರಿ ಜನರ ನಡುವೆ ಒಡೆದು ಬಿತ್ತು. ಲೆವೆ ಸತ್ತ. 80ಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ಪಿಟ್‌ಗೂ ಓಟದ ದಾರಿಗೂ ನಡುವೆ ಆಗ ಗೋಡೆಯೇ ಇರಲಿಲ್ಲ. ಓಟವನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಜನ ಒಮ್ಮೆಲೇ ಹೊರಟು ಆಂಬುಲೆನ್ಸಿಗೆ ದಾರಿ ಸಿಗದು ಎಂಬುದು ಸಂಘಟಕರು ಕೊಟ್ಟ ಕಾರಣ. ಮರ್ಸಿಡಿಸ್ ಮಧ್ಯರಾತ್ರಿಯ ನಂತರ ಉಳಿದ ಕಾರುಗಳನ್ನು ಹಿಂದೆ ತೆಗೆದುಕೊಂಡಿತು. ಸ್ವಿಟ್ಜರ್ಲೆಂಡ್ ತನ್ನ ನೆಲದಲ್ಲಿ ಸರ್ಕ್ಯೂಟ್ ರೇಸನ್ನೇ ನಿಷೇಧಿಸಿತು.

ಹಾಥಾರ್ನ್‌ನದು ತಪ್ಪೋ ಮ್ಯಾಕ್ಲಿನ್‌ನದೋ ಎಂದು ಇಂಗ್ಲೆಂಡಿನಲ್ಲಿ ಬಹಳ ಕಾಲ ಜಗಳವಾಯಿತು. ಆದರೆ ಆ ದುರಂತದ ಬೇರು ವೇಗಗಳ ಅಂತರದಲ್ಲಿತ್ತು, ಕಿರಿದಾದ ದಾರಿಯಲ್ಲಿತ್ತು. ಅಂತರವನ್ನು ಪೂರ್ತಿ ತೆಗೆದರೆ ಈ ಆಟವೇ ಇಲ್ಲ. ಹಾಗಾಗಿ ಅದನ್ನು ಎಲ್ಲರ ಕಣ್ಣಿಗೂ ಕಾಣುವಂತೆ ಮಾಡುವ ದಾರಿ ಹುಡುಕಿದರು. 2021ರ ವಿಶ್ವ ಸರಣಿಯಲ್ಲಿ ಹೈಪರ್‌ಕಾರಿನ ನಂಬರು ಕೆಂಪು ಪಟ್ಟಿಯ ಮೇಲೆ, ಎಲ್‌ಎಂಪಿ-2ರದು ನೀಲಿ, ಜಿಟಿ ವೃತ್ತಿಪರರದು ಹಸಿರು, ಹವ್ಯಾಸಿಗಳದು ಕಿತ್ತಳೆ. ಕನ್ನಡಿಯಲ್ಲಿ ಬಣ್ಣ ಕಂಡರೆ ಸಾಕು, ಹಿಂದೆ ಬರುವವನು ಯಾರು, ಎಷ್ಟು ಬೇಗ ಬಂದು ಮುಟ್ಟುತ್ತಾನೆ ಎಂದು ತಿಳಿಯುತ್ತದೆ. ಒಬ್ಬನೇ ಓಡಿಸುವ ಹಟಕ್ಕೂ ಕಡಿವಾಣ ಬಿದ್ದಿದೆ. ಲೆ ಮಾನ್‌ನಲ್ಲಿ ಯಾವ ಚಾಲಕನೂ ಯಾವುದೇ ಆರು ಗಂಟೆಯಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು, ಒಟ್ಟಾರೆ ಹದಿನಾಲ್ಕು ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ.

ಹೊನ್ನಾವರ ತಾಲ್ಲೂಕಿನವರಿಗೆ ಇದು ಹೊಸದೇನಲ್ಲ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ ಗುಣವಂತೆ ಇಲ್ಲಿಯದೇ. ಇಡೀ ರಾತ್ರಿಯ ಆಟವನ್ನು ಒಬ್ಬರೇ ಭಾಗವತರು ಹಾಡಿ ಮುಗಿಸುವುದಿಲ್ಲ. ರಾತ್ರಿಯ ಪೂರ್ವಾರ್ಧಕ್ಕೆ ಒಬ್ಬರು, ನಡುರಾತ್ರಿ ಕಳೆದ ಮೇಲೆ ಪ್ರಧಾನ ಭಾಗವತರು. ಪ್ರಸಂಗ ನಿಲ್ಲುವುದಿಲ್ಲ, ಜಾಗಟೆ ಕೈ ಬದಲಾಯಿಸುತ್ತದೆ. ಕಾರಿನಲ್ಲಿಯೂ ಅಷ್ಟೆ. ಇಳಿಯುವವನು ಪಟ್ಟಿ ಬಿಚ್ಚಿಕೊಳ್ಳಬೇಕು, ಹತ್ತುವವನಿಗೆ ಕಟ್ಟಿಕೊಡಬೇಕು, ಬ್ರೇಕು ಹೇಗಿದೆ, ಟೈರು ಯಾವ ಕಡೆ ಸವೆದಿದೆ ಎಂದು ನಾಲ್ಕು ಮಾತಿನಲ್ಲಿ ಹೇಳಬೇಕು. ಎತ್ತರದ ಚಾಲಕನಿಗೆ ಹೊಂದುವ ಆಸನ ಕುಳ್ಳನಿಗೆ ಹೊಂದದು. ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡಬೇಕು.

ಚಾಲಕರಲ್ಲೂ ದರ್ಜೆಗಳಿವೆ. ಅಂತಾರಾಷ್ಟ್ರೀಯ ಮೋಟಾರು ಸಂಸ್ಥೆಯಾದ ಎಫ್‌ಐಎ ಚಾಲಕರನ್ನು ಪ್ಲಾಟಿನಂ, ಚಿನ್ನ, ಬೆಳ್ಳಿ, ಕಂಚು ಎಂದು ವಿಂಗಡಿಸುತ್ತದೆ. ಕಂಚಿನವರಲ್ಲಿ ಹೆಚ್ಚಿನವರು ವ್ಯಾಪಾರ, ಉದ್ಯಮ ಮಾಡಿಕೊಂಡು, ಸ್ವಂತ ದುಡ್ಡು ಹಾಕಿ ಓಡಿಸುವ ಹವ್ಯಾಸಿಗಳು. ಅನೇಕ ದರ್ಜೆಗಳಲ್ಲಿ ಅಂಥವರೊಬ್ಬರು ತಂಡದಲ್ಲಿ ಇರಲೇಬೇಕು, ಇಂತಿಷ್ಟು ಹೊತ್ತು ಓಡಿಸಲೇಬೇಕು. ದುಡ್ಡು ಕೊಟ್ಟು ಆಡುವವನು ಎಂದು ನಗುವವರಿದ್ದಾರೆ. ಆದರೆ ಹರಕೆ ಆಟ ಆಡಿಸುವ ಮನೆಯವರಿಲ್ಲದೆ ಮೇಳ ತಿರುಗಾಟ ಮಾಡೀತೆ? ಕೋಣ ಸಾಕುವ ಯಜಮಾನ ಲಾಭ ನಷ್ಟ ನೋಡುತ್ತಾನೆಯೆ? ಈ ಹವ್ಯಾಸಿಗಳು ತರುವ ಹಣದಿಂದಲೇ ಪಕ್ಕದ ಆಸನದ ಹುಡುಗನಿಗೆ ಓಡಿಸುವ ಅವಕಾಶ ಸಿಗುತ್ತದೆ. ಮೇಲಾಗಿ, ಸಂಬಳದ ಚಾಲಕರು ಹೆಚ್ಚು ಕಡಿಮೆ ಸಮ ವೇಗದವರಾದ್ದರಿಂದ, ಓಟ ಗೆಲ್ಲುವುದೋ ಸೋಲುವುದೋ ಎಂಬುದು ಬಹಳ ಸಲ ನಿರ್ಧಾರವಾಗುವುದು ಈ ಕಂಚಿನವರ ಕೈಯಲ್ಲಿ.

ಇನ್ನು ಋತುವಿನ ವಿಷಯ. 2021ರ ಏಷ್ಯನ್ ಲೆ ಮಾನ್ ಸರಣಿಯನ್ನು ಆರಿಸಿಕೊಳ್ಳಲು ಎರಡು ಕಾರಣ. ಒಂದು, ಅದು ನಡೆದದ್ದು ದುಬೈ ಮತ್ತು ಅಬುಧಾಬಿಗಳಲ್ಲಿ. ಭಟ್ಕಳದವರಿಗೆ ದುಬೈ ಎಂದರೆ ಪರದೇಶವೆನ್ನುವುದಕ್ಕಿಂತ ಸಮುದ್ರದಾಚೆಯ ಇನ್ನೊಂದು ಕೇರಿ ಎನ್ನುವುದೇ ಸರಿ. ಎರಡು, ಅದರಲ್ಲಿ ಬೆಂಗಳೂರಿನ ಹುಡುಗನೊಬ್ಬ ಭಾರತದ ಹೆಸರಿನ ಕಾರು ಓಡಿಸಿದ. ಸಾಮಾನ್ಯವಾಗಿ ಈ ಸರಣಿ ಚಳಿಗಾಲದಲ್ಲಿ ದೇಶದಿಂದ ದೇಶಕ್ಕೆ ತಿರುಗುತ್ತಾ ತಿಂಗಳುಗಟ್ಟಲೆ ನಡೆಯುವಂಥದು. ಆ ವರ್ಷ ಕೋವಿಡ್. ಗಡಿ ದಾಟುವುದೇ ದುಸ್ತರ. ಆದ್ದರಿಂದ ಇಡೀ ಋತುವನ್ನು ಎಂಟು ದಿನಕ್ಕೆ ಮಡಿಸಿಟ್ಟರು. ಫೆಬ್ರವರಿ 13 ಮತ್ತು 14ರಂದು ದುಬೈ ಆಟೋಡ್ರೋಮಿನಲ್ಲಿ ಎರಡು ಓಟ, 19 ಮತ್ತು 20ರಂದು ಅಬುಧಾಬಿಯ ಯಾಸ್ ಮರೀನಾದಲ್ಲಿ ಎರಡು ಓಟ. ಒಂದೊಂದೂ ನಾಲ್ಕು ಗಂಟೆ. ಮೂವತ್ತಕ್ಕೂ ಹೆಚ್ಚು ಕಾರುಗಳು.

ಹೀಗೆ ಮಡಿಸಿದ್ದರ ಪರಿಣಾಮ ಏನು? ಮಾಮೂಲಿ ಋತುವಿನಲ್ಲಿ ಕಾರು ಗುದ್ದಿದರೆ ಮುಂದಿನ ಓಟಕ್ಕೆ ವಾರಗಟ್ಟಲೆ ಸಮಯ. ಇಲ್ಲಿ ಶನಿವಾರ ಗುದ್ದಿದ ಕಾರು ಭಾನುವಾರ ಓಡಬೇಕು. ಮೆಕ್ಯಾನಿಕ್‌ಗಳಿಗೆ ಉಳಿದದ್ದು ಒಂದು ರಾತ್ರಿ. ಗೆದ್ದವನಿಗೆ 25 ಅಂಕ, ಎರಡನೆಯವನಿಗೆ 18. ನಾಲ್ಕೇ ಓಟಗಳಲ್ಲಿ ಒಂದನ್ನು ಕಳೆದುಕೊಂಡರೆ ಋತುವಿನ ಕಾಲು ಭಾಗವೇ ಹೋಯಿತು. ವೇಗಕ್ಕಿಂತ ಜಾಗ್ರತೆಗೆ ಬೆಲೆ ಬಂದ ಎಂಟು ದಿನ ಅವು.

ಎಲ್‌ಎಂಪಿ-2ರಲ್ಲಿ ಗೆದ್ದದ್ದು ಜಿ-ಡ್ರೈವ್ ತಂಡದ ಮೂವರು: ಆಸ್ಟ್ರಿಯಾದ ರೆನೆ ಬಿಂಡರ್, ಚೀನದ ಯೆ ಯಿಫೆ, ಮತ್ತು ಆಸ್ಟ್ರಿಯಾದವನೇ ಆದ ಫರ್ಡಿನಾಂಡ್ ಹ್ಯಾಬ್ಸ್‌ಬರ್ಗ್. ಹೌದು, ಶಾಲೆಯ ಇತಿಹಾಸ ಪುಸ್ತಕದಲ್ಲಿ ಓದಿದ ಅದೇ ಹ್ಯಾಬ್ಸ್‌ಬರ್ಗ್ ರಾಜವಂಶ. ಆಸ್ಟ್ರಿಯಾದ ಕೊನೆಯ ಚಕ್ರವರ್ತಿಯ ಮರಿಮಗ ಈತ. ಎಲ್‌ಎಂಪಿ-3ರಲ್ಲಿ ಯುನೈಟೆಡ್ ಆಟೋಸ್ಪೋರ್ಟ್ಸ್ ತಂಡದ ವೇಯ್ನ್ ಬಾಯ್ಡ್, ಮಾನ್ಯುಯೆಲ್ ಮಾಲ್ಡೊನಾಡೊ, ರೋರಿ ಪೆಂಟಿನೆನ್ ಚಾಂಪಿಯನ್ನರಾದರು. ಜಿಟಿಯಲ್ಲಿ ಹೆರ್ಬರ್ಟ್ ತಂಡದ ಪೋರ್ಷೆ. ಅದನ್ನು ಓಡಿಸಿದವರು ರಾಲ್ಫ್ ಬೋನ್ ಮತ್ತು ರೆನಾವರ್ ಮನೆಯ ಅವಳಿ ಸಹೋದರರಾದ ಆಲ್ಫ್ರೆಡ್, ರಾಬರ್ಟ್.

ನಮ್ಮವರ ಕಾರಿಗೆ 'ರೇಸಿಂಗ್ ಟೀಮ್ ಇಂಡಿಯಾ' ಎಂದು ಹೆಸರು. ಯುರೇಷಿಯಾ ಎಂಬ ತಂಡ ನಡೆಸುತ್ತಿದ್ದ ಲಿಜಿಯೆ ಕಾರು ಅದು, ಎಲ್‌ಎಂಪಿ-2 ದರ್ಜೆಯದು. ಚಾಲಕರು ಕೊಯಮತ್ತೂರಿನ ನರೇನ್ ಕಾರ್ತಿಕೇಯನ್, ಬೆಂಗಳೂರಿನ ಅರ್ಜುನ್ ಮೈನಿ, ಮತ್ತು ನವೀನ್ ರಾವ್. ಮೂವರಲ್ಲಿ ಕಾರ್ತಿಕೇಯನ್ ಹಿರಿಯರು. 2005ರಲ್ಲಿ ಜೋರ್ಡಾನ್ ತಂಡದ ಮೂಲಕ ಫಾರ್ಮುಲಾ ಒನ್ ಪ್ರವೇಶಿಸಿದ ಮೊದಲ ಭಾರತೀಯ. ಲೆ ಮಾನ್ ಮಾತ್ರ ಅವರಿಗೆ ಒಲಿಯಲಿಲ್ಲ. 2009ರಲ್ಲಿ ಆಡಿ ಕಾರಿನ ಚಾಲಕರಲ್ಲಿ ಒಬ್ಬರಾಗಿ ಅಲ್ಲಿಗೆ ಹೋಗಿದ್ದರು. ಓಟಕ್ಕೆ ಮುನ್ನ ಪಿಟ್ ಗೋಡೆ ದಾಟುವಾಗ ಜಾರಿ ಭುಜ ಕಳಚಿಕೊಂಡು, ಓಟದಲ್ಲಿ ಕಾರು ಹತ್ತಲೇ ಇಲ್ಲ. ಲೆ ಮಾನ್‌ನಲ್ಲಿ ನಿಜಕ್ಕೂ ಓಡಿಸಿದ ಮೊದಲ ಭಾರತೀಯ ಎಂಬ ಹೆಸರು 2012ರಲ್ಲಿ ಚೆನ್ನೈನ ಕರುಣ್ ಚಂಧೋಕ್‌ಗೆ ಹೋಯಿತು. ಡೇವಿಡ್ ಬ್ರಾಬಮ್, ಪೀಟರ್ ಡಂಬ್ರೆಕ್ ಜೊತೆ ಸೇರಿ ಆತ ಒಟ್ಟಾರೆ ಆರನೆಯ ಸ್ಥಾನ ಪಡೆದ.

ಅರ್ಜುನ್ ಮೈನಿ 1997ರ ಡಿಸೆಂಬರಿನಲ್ಲಿ ಹುಟ್ಟಿದವನು. ಕರ್ನಾಟಕದಲ್ಲಿ ಎಫ್‌ಐಎ ಒಪ್ಪುವ ದೊಡ್ಡ ಓಟದ ದಾರಿ ಒಂದೂ ಇಲ್ಲ. ಇಲ್ಲಿಯ ಹುಡುಗರು ಕಾರ್ಟಿಂಗ್‌ನಲ್ಲಿ ಕೈ ಪಳಗಿಸಿ, ಕೊಯಮತ್ತೂರು ಅಥವಾ ಚೆನ್ನೈ ಬಳಿಯ ಇರುಂಗಾಟ್ಟುಕೋಟೈಗೆ ಹೋಗಬೇಕು, ಆಮೇಲೆ ಯೂರೋಪಿಗೆ. ಮೈನಿ 2017ರಲ್ಲಿ ಬಾರ್ಸಿಲೋನಾದಲ್ಲಿ ಜಿಪಿ-3 ಓಟ ಗೆದ್ದ ಮೊದಲ ಭಾರತೀಯನಾದ. ಮರುವರ್ಷ ಫಾರ್ಮುಲಾ-2. ಫಾರ್ಮುಲಾ ಒನ್ನಿಗೆ ಇನ್ನೊಂದೇ ಮೆಟ್ಟಿಲು. ಆ ಮೆಟ್ಟಿಲಿಗೆ ಬೇಕಾಗುವುದು ಬರೀ ವೇಗವಲ್ಲ, ಕೋಟಿಗಟ್ಟಲೆ ಹಣ. ಇಂಥ ಹೊತ್ತಿನಲ್ಲಿ ಅನೇಕ ಚಾಲಕರಿಗೆ ಬಾಗಿಲು ತೆರೆಯುವುದು ದೀರ್ಘಾವಧಿ ಓಟ. ಖರ್ಚು ಮೂವರ ನಡುವೆ ಹಂಚಿಹೋಗುತ್ತದೆ, ವೇಗದ ಹುಡುಗ ಬೇಕೆಂದು ತಂಡಗಳೇ ಹುಡುಕುತ್ತವೆ. 2019ರ ಜೂನ್‌ನಲ್ಲಿ ಮೈನಿ ಕೆನಡಾದ ಜಾನ್ ಫರಾನೊ, ಫ್ರಾನ್ಸಿನ ನಾರ್ಮನ್ ನಾಟೊ ಜೊತೆ ಎಲ್‌ಎಂಪಿ-2 ಕಾರಿನಲ್ಲಿ ಲೆ ಮಾನ್ ಓಡಿದ.

ಏಷ್ಯನ್ ಸರಣಿಯ ಮಹತ್ವ ಇರುವುದೇ ಇಲ್ಲಿ. ಅದರ ಚಾಂಪಿಯನ್ ತಂಡಗಳಿಗೆ ಲೆ ಮಾನ್‌ಗೆ ನೇರ ಆಹ್ವಾನ ಸಿಗುತ್ತದೆ. ದುಡ್ಡಿದ್ದರೂ ಸಿಗದ ಜಾಗ ಅದು. ಅರ್ಜಿ ಹಾಕುವವರು ಹೆಚ್ಚು, ಕಾರು ನಿಲ್ಲಿಸುವ ಪಿಟ್‌ಗಳು ಲೆಕ್ಕದವು. ದುಬೈ, ಅಬುಧಾಬಿಗಳ ಆ ಎಂಟು ದಿನಗಳಲ್ಲಿ ಇದ್ದವರು ಮುಂದೆ ಏನಾದರು ಎಂದು ನೋಡಿದರೆ ಏಣಿಯ ಎತ್ತರ ತಿಳಿಯುತ್ತದೆ. ಜಿ-ಡ್ರೈವ್‌ನ ಇನ್ನೊಂದು ಕಾರಿನಲ್ಲಿ ಆಗ ಹದಿನೇಳರ ಪ್ರಾಯದ ಅರ್ಜೆಂಟೀನಾ ಹುಡುಗನೊಬ್ಬನಿದ್ದ. ಹೆಸರು ಫ್ರಾಂಕೊ ಕೊಲಪಿಂಟೊ. 2024ರಲ್ಲಿ ಫಾರ್ಮುಲಾ ಒನ್ನಿಗೆ ಬಂದ. ಹ್ಯಾಬ್ಸ್‌ಬರ್ಗ್ ಮತ್ತು ಯೆ ಅದೇ 2021ರ ಆಗಸ್ಟ್‌ನಲ್ಲಿ ಲೆ ಮಾನ್‌ನಲ್ಲಿ ಡಬ್ಲ್ಯೂಆರ್‌ಟಿ ಎಂಬ ಒಂದೇ ತಂಡದ ಎರಡು ಕಾರುಗಳಲ್ಲಿದ್ದರು. ಯೆ ಇದ್ದ 41ನೇ ನಂಬರಿನ ಕಾರು ದರ್ಜೆಯಲ್ಲಿ ಮೊದಲಿತ್ತು. ಇಪ್ಪತ್ತನಾಲ್ಕು ಗಂಟೆ ಓಡಿ, ಕೊನೆಯ ಸುತ್ತಿನಲ್ಲಿ ದಾರಿಯಲ್ಲೇ ನಿಂತುಹೋಯಿತು. ಹ್ಯಾಬ್ಸ್‌ಬರ್ಗ್‌ನ 31ನೇ ನಂಬರು ಒಂದು ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಗೆದ್ದಿತು. ಯೆ ನಾಲ್ಕು ವರ್ಷ ಕಾದ. 2025ರ ಜೂನ್‌ನಲ್ಲಿ ಫೆರಾರಿ ಹೈಪರ್‌ಕಾರಿನಲ್ಲಿ ಒಟ್ಟಾರೆ ಮೊದಲಿಗನಾಗಿ ಲೆ ಮಾನ್ ಗೆದ್ದ. ಜೊತೆಗಿದ್ದವರು ಫಿಲ್ ಹ್ಯಾನ್ಸನ್ ಮತ್ತು ರಾಬರ್ಟ್ ಕುಬಿಟ್ಸಾ. ಕುಬಿಟ್ಸಾ 2021ರ ಆ 41ನೇ ಕಾರಿನಲ್ಲಿಯೂ ಯೆಯ ಜೊತೆಗಾರನೇ. 2011ರ ರ್‍ಯಾಲಿ ಅಪಘಾತದಲ್ಲಿ ಬಲಗೈಯ ಶಕ್ತಿಯನ್ನು ಬಹುಪಾಲು ಕಳೆದುಕೊಂಡಿದ್ದವನು.

ಭಾರತದ ಪಾಲಿಗೆ ಆದದ್ದು ಬೇರೆ. 2021ರ ಆಗಸ್ಟ್ 21-22ರ ಲೆ ಮಾನ್ ಓಟದ ಪಟ್ಟಿಯಲ್ಲಿ 'ರೇಸಿಂಗ್ ಟೀಮ್ ಇಂಡಿಯಾ ಯುರೇಷಿಯಾ' ಎಂಬ ಹೆಸರು ಇತ್ತು. ಲಿಜಿಯೆ ಕಾರೂ ಇತ್ತು. ಒಳಗೆ ಕುಳಿತವರು ಮಾತ್ರ ಜೇಮ್ಸ್ ವಿನ್ಸ್‌ಲೋ, ಜಾನ್ ಕಾರ್ಬೆಟ್, ಟಾಮ್ ಕ್ಲೂಟ್. ಮೂವರಲ್ಲಿ ಒಬ್ಬನೂ ಭಾರತೀಯನಲ್ಲ. ಅರ್ಜುನ್ ಮೈನಿ ಆ ವರ್ಷ ಜರ್ಮನಿಯ ಡಿಟಿಎಂ ಸರಣಿಗೆ ಹೋಗಿ ಮರ್ಸಿಡಿಸ್ ಜಿಟಿ ಕಾರು ಓಡಿಸತೊಡಗಿದ್ದ. ಅಲ್ಲಿ ಒಂದು ಕಾರಿಗೆ ಒಬ್ಬನೇ ಚಾಲಕ.